ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಬೂಟ್ ಆಗ್ತಿಲ್ಲ, 1978ರಿಂದ ಬರೆದ ಮಳೆ ಲೆಕ್ಕ ಒಳಗಿದೆ

ಆಲ್ದೂರು ರೈಟರ್:

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ, ಗೊಬ್ಬರದ ಲೆಕ್ಕ, ಮಳೆ ಲೆಕ್ಕ ಎಲ್ಲ ನನ್ನ ಕೈಯಲ್ಲೇ. ಆಫೀಸಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ 21 ಹಾಕಿಕೊಂಡಿದ್ದೇನೆ. ಹಳೆಯ ಡೆಸ್ಕ್‌ಟಾಪ್. 500 ಜಿಬಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ.

ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಮೊನ್ನೆ ಸಂಜೆ ಆರೂಮುಕ್ಕಾಲಿಗೆ ಚೆಕ್‌ರೋಲ್ ತುಂಬಿಸುತ್ತಾ ಕೂತಿದ್ದೆ. ಗೇಟಿನ ಹತ್ತಿರ ಸಿಲ್ವರ್ ಮರದ ಕೊಂಬೆ ಮುರಿದು ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಒಂದೇ ನಿಮಿಷದಲ್ಲಿ ಮೂರು ಸಲ. ಇನ್ವರ್ಟರ್ ಇದೆ, ಆದರೆ ಬ್ಯಾಟರಿಯಲ್ಲಿ ನೀರು ಬತ್ತಿತ್ತು, ತಡೆಯಲಿಲ್ಲ. ಕರೆಂಟ್ ಬಂದ ತಕ್ಷಣ ಈ ಕಂಪ್ಯೂಟರ್ ತಾನೇ ಆನ್ ಆಗುತ್ತದೆ. ಹಾಗಾಗಿ ನಾನು ಮೇಜಿನ ಕೆಳಗೆ ಬಗ್ಗಿ ಪ್ಲಗ್ ಕೀಳುವಷ್ಟರಲ್ಲಿ ಅದು ಅರ್ಧ ಎದ್ದು ಮತ್ತೆ ಸತ್ತಿತ್ತು.

ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಸ್ಕ್ರೀನು. ಅದರ ಮೇಲಿದ್ದ ಸಾಲುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೇನೆ. ಮೊದಲು "ರಿಕವರಿಂಗ್ ಜರ್ನಲ್" ಅಂತ ಬರುತ್ತದೆ. ಆಮೇಲೆ "ಎರರ್ ರೀಡಿಂಗ್ ಬ್ಲಾಕ್", ಪಕ್ಕದಲ್ಲಿ ಒಂದು ದೊಡ್ಡ ನಂಬರು, "ಇನ್‌ಪುಟ್/ಔಟ್‌ಪುಟ್ ಎರರ್". ಅದರ ಕೆಳಗೆ "ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ". ಕೊನೆಗೆ ಬ್ಯುಸಿಬಾಕ್ಸ್ ಅಂತ ಬಂದು ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಕಡೆ ನಿಲ್ಲುತ್ತದೆ.

ಬಟವಾಡೆ ಲೆಕ್ಕವನ್ನು ಮಾರ್ಚಿನಲ್ಲಿ ಆಡಿಟರಿಗೆ ಕೊಡಲು ಪೆನ್‌ಡ್ರೈವಿಗೆ ಹಾಕಿದ್ದೆ. ಅಲ್ಲಿಂದೀಚೆಗಿನದನ್ನು ಮೇಸ್ತ್ರಿಯ ಚೀಟಿಗಳಿಂದ ಮತ್ತೆ ಬರೆಯಬಹುದು. ನನಗೆ ನಿದ್ದೆ ಬಾರದಂತೆ ಮಾಡಿರುವುದು ಮಳೆ ಲೆಕ್ಕ. ಈ ತೋಟದಲ್ಲಿ 1978ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿದ್ದಾರೆ. ತಾರೀಕು, ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ), ಪಕ್ಕದಲ್ಲಿ ಒಂದು ಮಾತು: ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಆಲಿಕಲ್ಲು, ಗಾಳಿ, ಮರ ಬಿತ್ತು. ನನಗಿಂತ ಮುಂಚಿನ ರೈಟರ್ ಒಂದು ದಿನವೂ ತಪ್ಪಿಸಿದವರಲ್ಲ. ಎರಡು ಮಳೆಗಾಲ ಕೂತು ಅಷ್ಟನ್ನೂ ನಾನು ಲಿಬ್ರೆಆಫೀಸಿನಲ್ಲಿ ಟೈಪ್ ಮಾಡಿದೆ. ಆಮೇಲೆ ಒಂದು ದಿನ ಕಬೋರ್ಡಿನ ಕೆಳಗಿನ ಅರೆ ತೆಗೆದರೆ ಗೆದ್ದಲು. 1983ರ ಪುಸ್ತಕದ ರಟ್ಟು ನೆಟ್ಟಗೆ ನಿಂತಿತ್ತು, ಕೈ ಹಾಕಿದರೆ ಒಳಗೆ ಬರೀ ಮಣ್ಣು. 1995ರವರೆಗಿನ ಪುಸ್ತಕಗಳೆಲ್ಲ ಹೋದವು. ಆ ಹದಿನೆಂಟು ವರ್ಷದ ಮಳೆ ಈಗ ಇರುವುದು ಈ ಡಿಸ್ಕಿನಲ್ಲಿ ಮಾತ್ರ. ಮಳೆ ಲೆಕ್ಕವನ್ನು ಯಾವ ಆಡಿಟರೂ ಕೇಳುವುದಿಲ್ಲ, ಅದಕ್ಕೇ ಅದು ಪೆನ್‌ಡ್ರೈವಿಗೆ ಹೋಗಿರಲಿಲ್ಲ.

ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇವೆ ಅಂದರು. ಅಕ್ಕನ ಮಗ ಫೋನಿನಲ್ಲಿ "ಎಫ್‌ಎಸ್‌ಸಿಕೆ -ವೈ ಹೊಡಿ ಮಾವ, ಸರಿ ಹೋಗುತ್ತೆ" ಅಂದ. ಫೋಟೋ ತೆಗೆದ ಮೇಲೆ ನಾನು ಏನೂ ಮುಟ್ಟಿಲ್ಲ. ಪ್ಲಗ್ ಕಿತ್ತಿಟ್ಟಿದ್ದೇನೆ. ಮುಂದೆ ಏನು ಮಾಡಲಿ?

ಕಡೂರು ಹುಡುಗ:

ಅಣ್ಣ, ನಿಮ್ಮ ಅಕ್ಕನ ಮಗ ಹೇಳಿದ್ದು ಸರಿ. ಎಫ್‌ಎಸ್‌ಸಿಕೆ ಅಂದರೆ ಡಿಸ್ಕಿನಲ್ಲಿ ಫೈಲುಗಳ ಜೋಡಣೆಯನ್ನು (ಫೈಲ್ ಸಿಸ್ಟಮ್) ಪರೀಕ್ಷಿಸಿ ಸರಿಪಡಿಸುವ ಕಮಾಂಡ್. ಆ ಇನಿಟ್‌ರ್ಯಾಮ್‌ಎಫ್‌ಎಸ್ ಕಡೆಯೇ "ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2" ಅಂತ ಕೊಡಿ. ಮುಗಿದ ಮೇಲೆ "ರೀಬೂಟ್". ನಮ್ಮ ಸೈಬರ್ ಸೆಂಟರಿನಲ್ಲಿ ಕರೆಂಟ್ ಹೋದಾಗಲೆಲ್ಲ ಇದನ್ನೇ ಮಾಡೋದು. ಇವತ್ತಿನವರೆಗೆ ಒಂದು ಫೈಲೂ ಹೋಗಿಲ್ಲ. ಐದು ನಿಮಿಷದ ಕೆಲಸ.

ಹಾಸನದ ಮೇಷ್ಟ್ರು:

ರೈಟರೇ, ದಯವಿಟ್ಟು ನಿಲ್ಲಿ. -ವೈ ಈಗಲೇ ಕೊಡಬೇಡಿ. ಪ್ಲಗ್ ಕಿತ್ತಿಟ್ಟಿದ್ದೀರಲ್ಲ, ಇಲ್ಲಿಯವರೆಗೆ ನೀವು ಮಾಡಿದ ಕೆಲಸಗಳಲ್ಲಿ ಅತಿ ಒಳ್ಳೆಯದು ಅದೇ.

ಕಡೂರಿನ ತಮ್ಮ ಹೇಳಿದ ದಾರಿ ಎಷ್ಟೋ ಸಲ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ನಿಮ್ಮ ಫೋಟೋದಲ್ಲಿ ಒಂದು ಸಾಲು ಬೇರೆ ಇದೆ. "ಎರರ್ ರೀಡಿಂಗ್ ಬ್ಲಾಕ್, ಇನ್‌ಪುಟ್/ಔಟ್‌ಪುಟ್ ಎರರ್". ಇದು ಫೈಲ್ ಸಿಸ್ಟಮ್ಮಿನ ಲೆಕ್ಕ ತಪ್ಪಿದ್ದರ ದೂರಲ್ಲ. ಡಿಸ್ಕೇ ಆ ಜಾಗವನ್ನು ಓದಿಕೊಡಲು ಆಗುತ್ತಿಲ್ಲ ಅನ್ನುತ್ತಿದೆ. ಇಂಥ ಕಡೆ ಎಫ್‌ಎಸ್‌ಸಿಕೆ ಎರಡು ಪ್ರಶ್ನೆ ಕೇಳುತ್ತದೆ. ಮೊದಲು "ಇಗ್ನೋರ್ ಎರರ್?", ಅದರ ಹಿಂದೆಯೇ "ಫೋರ್ಸ್ ರೀರೈಟ್?". -ವೈ ಅಂದರೆ ಎಲ್ಲದಕ್ಕೂ ಹೌದು. ಓದಲಾಗದ ಆ ಜಾಗದ ಮೇಲೆ ಅದು ಬರೆದೇಬಿಡುತ್ತದೆ. ನಾಲ್ಕು ಸಲ ಪ್ರಯತ್ನಿಸಿದ್ದರೆ ಓದಿಕೊಳ್ಳುತ್ತಿತ್ತೇನೋ ಎಂಬ ಜಾಗ ಅಲ್ಲಿಗೆ ಶಾಶ್ವತವಾಗಿ ಹೋಯಿತು.

ಹಾಸನದಲ್ಲಿ ಒಂದು ಕಾಲೇಜಿನ ಲ್ಯಾಬನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು ನಾನು. ಒಂದು ಸಲ ಹೀಗೇ ಅವಸರಕ್ಕೆ -ವೈ ಕೊಟ್ಟು ಒಂದು ಬ್ಯಾಚಿನ ಮಕ್ಕಳ ಪ್ರಾಜೆಕ್ಟ್ ಕೆಲಸ ಕಳೆದೆ. ಆ ಮಕ್ಕಳ ಮುಖ ಇವತ್ತಿಗೂ ಮರೆತಿಲ್ಲ.

ನೀವು ಲೆಕ್ಕದವರು, ಹಾಗಾಗಿ ಹೀಗೆ ಹೇಳುತ್ತೇನೆ. ಎಫ್‌ಎಸ್‌ಸಿಕೆಗೆ ಬೇಕಿರುವುದು ಪುಸ್ತಕ ತಾಳೆಯಾಗುವುದು, ಅಷ್ಟೇ. ಒಂದು ಸಾಲು ತಾಳೆಯಾಗದಿದ್ದರೆ ಹೊಡೆದುಹಾಕಿ ತಾಳೆ ಮಾಡುತ್ತದೆ. ಆ ಸಾಲಿನಲ್ಲಿ ಯಾರ ಕೂಲಿ ಇತ್ತು ಅಂತ ಅದಕ್ಕೆ ಗೊತ್ತಿಲ್ಲ. ಜರ್ನಲ್ ಅನ್ನುವುದು ಖಾತೆ ಪುಸ್ತಕಕ್ಕೆ ಏರಿಸುವ ಮುಂಚೆ ಬರೆಯುವ ರಫ್ ಪುಸ್ತಕ. ಕರೆಂಟ್ ಹೋದರೆ ಎದ್ದ ಮೇಲೆ ರಫ್ ನೋಡಿ ಖಾತೆ ಪೂರ್ತಿ ಮಾಡಿಕೊಳ್ಳುತ್ತದೆ. ಅದಕ್ಕೇ ಕಡೂರಿನಲ್ಲಿ ಇಷ್ಟು ದಿನ ಏನೂ ಆಗಿಲ್ಲ. ಆದರೆ ಇಎಕ್ಸ್‌ಟಿ4ನಲ್ಲಿ (ಮಿಂಟ್ ಬಳಸುವ ಫೈಲ್ ಸಿಸ್ಟಮ್) ಮಾಮೂಲಿಯಾಗಿ ಜರ್ನಲಿಗೆ ಹೋಗುವುದು ಹೆಸರು, ಅಳತೆ, ಜಾಗ ಇಂಥ ವಿವರ ಮಾತ್ರ. ಫೈಲಿನ ಒಳಗಿರುವುದು ಹೋಗುವುದಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಡಿಸ್ಕಿನ ತುಣುಕೊಂದು ಅರ್ಧ ಬರೆದಂತೆ ಉಳಿದರೆ, ಆ ತುಣುಕನ್ನು ಆಮೇಲೆ ಡಿಸ್ಕಿಗೇ ಓದಲು ಬರುವುದಿಲ್ಲ. ನಿಮಗೆ ಆಗಿರುವುದು ಬಹುಶಃ ಇದೇ.

ಈಗ ಕೆಲಸಕ್ಕೆ ಬರೋಣ. ಕಮಾಂಡುಗಳನ್ನು ಕನ್ನಡದಲ್ಲಿ ಬರೆಯುತ್ತೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಎಲ್ಲದರ ಮುಂದೆಯೂ ಸುಡೋ ಇರಲಿ.

2 ಟಿಬಿಯ ಒಂದು ಹೊರಗಿನ ಡಿಸ್ಕ್ ತನ್ನಿ. ಅದನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ಮಿಂಟ್ ಪೆನ್‌ಡ್ರೈವ್ ಮಾಡಿಸಿ, ನಿಮ್ಮ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ. ಬೂಟ್ ಆದ ಮೇಲೆ ಫೈಲ್ ಮ್ಯಾನೇಜರಿನಲ್ಲಿ ಹಳೆ ಡಿಸ್ಕಿನ ಚಿತ್ರ ಕಾಣಿಸುತ್ತದೆ. ಅದರ ಮೇಲೆ ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ಮೌಂಟ್ ಆಗಿಬಿಡುತ್ತದೆ, ಅಂದರೆ ಬಳಕೆಗೆ ತೆರೆದುಕೊಂಡು ಅದರ ಮೇಲೆ ಬರೆಯಲು ಶುರು ಮಾಡಬಹುದು.

ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು ಸ್ಮಾರ್ಟ್‌ಮಾನ್‌ಟೂಲ್ಸ್ ಮತ್ತು ಜಿಡಿಡಿರೆಸ್ಕ್ಯೂ ಎರಡನ್ನೂ ಹಾಕಿಕೊಳ್ಳಿ. ಪ್ಯಾಕೇಜಿನ ಹೆಸರಿನ ಮುಂದೆ ಜಿ ಇದೆ, ಕಮಾಂಡಿನಲ್ಲಿ ಜಿ ಇಲ್ಲ. "ಎಲ್‌ಎಸ್‌ಬಿಎಲ್‌ಕೆ" ಕೊಟ್ಟು ಯಾವುದು ಯಾವ ಡಿಸ್ಕ್ ಅಂತ ಅಳತೆ ನೋಡಿ ಗುರುತು ಮಾಡಿಕೊಳ್ಳಿ. ಪೆನ್‌ಡ್ರೈವಿನಿಂದ ಎದ್ದಾಗ ಅಕ್ಷರ ಬದಲಾಗಿರಬಹುದು. ಆಮೇಲೆ "ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ". ಇದು ಸ್ಮಾರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಅದರಲ್ಲಿ 5, 197, 198, 199 ಈ ನಾಲ್ಕು ಸಾಲಿನ ಕೊನೆಯ ಅಂಕಿ ಇಲ್ಲಿ ಹಾಕಿ. 5 ಅಂದರೆ ಕೆಟ್ಟು ಬದಲಿ ಕೊಟ್ಟ ಜಾಗ, 197 ಮತ್ತು 198 ಓದಲಾಗದೆ ಉಳಿದ ಜಾಗ, 199 ಕೇಬಲ್ಲಿನ ತಪ್ಪು. ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ಅಲ್ಲೇ ಆಫ್ ಮಾಡಿ, ಮುಂದೆ ಹೋಗಬೇಡಿ.

ಸದ್ದಿಲ್ಲದಿದ್ದರೆ ಕಾಪಿ ಶುರು ಮಾಡಿ. ಹೊರಗಿನ ಡಿಸ್ಕಿನ ಫೋಲ್ಡರಿನೊಳಗೆ ಹೋಗಿ "ಡಿಡಿರೆಸ್ಕ್ಯೂ -ಎನ್ /ಡೆವ್/ಎಸ್‌ಡಿಎ2 ತೋಟ.ಐಎಂಜಿ ತೋಟ.ಮ್ಯಾಪ್". ಮೊದಲು ಬರುವುದು ಹಳೆ ಡಿಸ್ಕ್, ಆಮೇಲೆ ಹೊಸ ಫೈಲ್. ತಿರುಗುಮುರುಗು ಆದರೆ ಎಲ್ಲವೂ ಹೋಯಿತು, ಎಂಟರ್ ಒತ್ತುವ ಮುಂಚೆ ಬೆರಳಿಟ್ಟು ಓದಿ. ಇದು ಓದಲು ಸುಲಭ ಇರುವುದನ್ನೆಲ್ಲ ಮೊದಲು ತೆಗೆದುಕೊಂಡು ಕಷ್ಟದ ಜಾಗ ಬಿಟ್ಟು ಹೋಗುತ್ತದೆ. ಮುಗಿದ ಮೇಲೆ ಅದನ್ನೇ -ಎನ್ ತೆಗೆದು "-ಡಿ -ಆರ್3" ಹಾಕಿ ಇನ್ನೊಮ್ಮೆ ಕೊಡಿ. ಆಗ ಕಷ್ಟದ ಜಾಗಗಳನ್ನು ಮೂರು ಮೂರು ಸಲ ಪ್ರಯತ್ನಿಸುತ್ತದೆ.

ಮ್ಯಾಪ್ ಫೈಲ್, ಅಂದರೆ ಎಲ್ಲೆಲ್ಲಿ ಓದಿ ಆಯಿತು ಎಂಬ ಲೆಕ್ಕ, ಹೊರಗಿನ ಡಿಸ್ಕಿನಲ್ಲೇ ಇರಬೇಕು. ಪೆನ್‌ಡ್ರೈವಿನಿಂದ ಎದ್ದ ಲಿನಕ್ಸ್ ರ್ಯಾಮಿನಲ್ಲಿ ಇರುತ್ತದೆ. ಅಲ್ಲಿ ಇಟ್ಟದ್ದು ಕರೆಂಟ್ ಜೊತೆಯೇ ಹೋಗುತ್ತದೆ. ನಿಮ್ಮ ಕಡೆ ಈ ಮಳೆಯಲ್ಲಿ ನಡುವೆ ಕರೆಂಟ್ ಹೋಗದೇ ಇರುವುದಿಲ್ಲ, ಅಲ್ವಾ? ಹೋದರೆ ಅದೇ ಕಮಾಂಡನ್ನು ಮತ್ತೆ ಕೊಡಿ, ಮ್ಯಾಪ್ ನೋಡಿಕೊಂಡು ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ನಿಲ್ಲುವ ಹೊತ್ತಿಗೆ ರ್ಯಾಮಿನಲ್ಲಿದ್ದ ಸ್ವಲ್ಪ ಭಾಗ ಹೊರಗಿನ ಡಿಸ್ಕಿಗೆ ಇಳಿದಿರದೇ ಇರಬಹುದು. ಮ್ಯಾಪ್ ಮಾತ್ರ ಆಯಿತು ಅನ್ನುತ್ತಿರುತ್ತದೆ. ಅದಕ್ಕೆ ನಿಂತ ಜಾಗಕ್ಕಿಂತ 10 ಜಿಬಿ ಹಿಂದಿನಿಂದ ಆ ತುಂಡನ್ನು ಬೇರೆ ಮ್ಯಾಪ್ ಹೆಸರಿನಲ್ಲಿ ಇನ್ನೊಮ್ಮೆ ಓದಿಸಿ. 200 ಜಿಬಿಯಲ್ಲಿ ನಿಂತಿದ್ದರೆ "-ಐ 190ಜಿ -ಎಸ್ 12ಜಿ" ಸೇರಿಸಿದರೆ ಸಾಕು.

ಇದು ಮುಗಿಯುವವರೆಗೆ ಎಫ್‌ಎಸ್‌ಸಿಕೆ ಮಾತೇ ಬೇಡ.

ಸಕಲೇಶಪುರ ಎಲೆಕ್ಟ್ರಿಷಿಯನ್:

ಮೇಷ್ಟ್ರು ಹೇಳಿದ್ದು ಕಂಪ್ಯೂಟರಿನ ಕಡೆಯದು, ನಾನು ಕರೆಂಟಿನ ಕಡೆಯದು ಹೇಳುತ್ತೇನೆ. ಕಾಪಿ ಶುರು ಮಾಡುವ ಮುಂಚೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಒಂದು ದಿನ ಪೂರ್ತಿ ಚಾರ್ಜ್ ಆಗಲಿ. ನಲ್ಲಿ ನೀರು, ಮಳೆ ನೀರು ಹಾಕಬೇಡಿ. ಪ್ಲೇಟು ಗಾಳಿಗೆ ತೆರೆದುಕೊಂಡು ಜಾಸ್ತಿ ದಿನ ಆಗಿದ್ದರೆ ನೀರು ಹಾಕಿದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಅದನ್ನೂ ನೆನಪಿಡಿ.

ಇನ್ವರ್ಟರಿನ ಹಿಂದೆಯೋ ಪಕ್ಕದಲ್ಲೋ ಒಂದು ಸಣ್ಣ ಸ್ವಿಚ್ ಇರುತ್ತದೆ ನೋಡಿ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಂತಲೋ ಇಕೋ ಅಂತಲೋ ಬರೆದಿರುತ್ತದೆ. ತುಂಬ ಮನೆಗಳಲ್ಲಿ ಅದು ಯುಪಿಎಸ್ ಕಡೆ ಇರುವುದೇ ಇಲ್ಲ. ಫ್ಯಾನು, ಲೈಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಪೂರ್ತಿ ಲೋಡಿನಲ್ಲಿ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16-17 ಮಿಲಿಸೆಕೆಂಡು. ನಾರ್ಮಲ್ ಕಡೆ ಇದ್ದರೆ ಇನ್ವರ್ಟರ್ ಬದಲಾಯಿಸಿಕೊಳ್ಳುವುದು ಅದಕ್ಕಿಂತ ನಿಧಾನ ಆಗಬಹುದು. ಬ್ಯಾಟರಿ ಚೆನ್ನಾಗಿದ್ದರೂ ಕಂಪ್ಯೂಟರ್ ಆಫ್ ಆಗುತ್ತದೆ.

ಇನ್ನೊಂದು. ಬಯಾಸಿನಲ್ಲಿ ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ತೆಗೆದುಬಿಡಿ. ಮಲೆನಾಡಿನಲ್ಲಿ ಕರೆಂಟ್ ಬಂತು ಅಂದರೆ ನಿಂತಿತು ಅಂತಲ್ಲ. ಮೊದಲನೆಯದಕ್ಕಿಂತ ಎರಡನೆಯ, ಮೂರನೆಯ ಹೊಡೆತವೇ ಜಾಸ್ತಿ ಕೆಡಿಸುತ್ತದೆ.

ಆಲ್ದೂರು ರೈಟರ್:

ಇಬ್ಬರಿಗೂ ಕೈ ಮುಗಿಯುತ್ತೇನೆ. ಸ್ವಿಚ್ ನೋಡಿದೆ, ನಾರ್ಮಲ್ ಕಡೆಯೇ ಇತ್ತು. ತಂದ ದಿನದಿಂದ ಹಾಗೇ ಇದ್ದಿರಬೇಕು. ಈಗ ಬದಲಾಯಿಸಿದೆ.

ಮೇಷ್ಟ್ರೇ, ನೀವು ಕೇಳಿದ ಅಂಕಿಗಳು. 5ನೆಯದು ಸೊನ್ನೆ. 197 ರಲ್ಲಿ 24. 198 ರಲ್ಲೂ 24. 199 ಸೊನ್ನೆ. ಸದ್ದು ಏನೂ ಇಲ್ಲ.

ಸಾಹುಕಾರ್ರು ಚಿಕ್ಕಮಗಳೂರಿನಿಂದ ಹೊಸ ಡಿಸ್ಕ್ ತರಿಸಿಕೊಟ್ಟರು. ರಾತ್ರಿ ಹತ್ತಕ್ಕೆ ಶುರು ಮಾಡಿದೆ. ಈ ಕಂಪ್ಯೂಟರಿನಲ್ಲಿ ಇರುವುದು ಹಳೆ ಯುಎಸ್‌ಬಿ, ಸೆಕೆಂಡಿಗೆ 30 ಎಂಬಿಯ ಆಸುಪಾಸಿನಲ್ಲೇ ಓಡುತ್ತಿತ್ತು. ಹತ್ತಿರವೇ ಚಾಪೆ ಹಾಕಿಕೊಂಡು ಮಲಗಿದೆ. ಒಂದೂಕಾಲಿಗೆ ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯಿತು. ಆದರೆ ಹತ್ತು ನಿಮಿಷಕ್ಕೆಲ್ಲ ಬೀಪ್ ಹೊಡೆದು ಅದೂ ಕೂತಿತು. ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ ಹಾಗೆ ಬ್ಯಾಟರಿ ಪೂರ್ತಿ ಚೇತರಿಸಿಕೊಂಡಿಲ್ಲ. ಬೀಪ್ ಕೇಳಿದ ಕೂಡಲೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ ಶಟ್‌ಡೌನ್ ಕೊಟ್ಟೆ, ಅದು ಮುಗಿಯುವ ಮುಂಚೆಯೇ ಆಫ್ ಆಯಿತು. ಆಗ 338 ಜಿಬಿ ಆಗಿತ್ತು, ಚೀಟಿಯಲ್ಲಿ ಬರೆದುಕೊಂಡೆ.

ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬಂದು ಮತ್ತೆ ಕೂತೆ. ಪೆನ್‌ಡ್ರೈವಿನ ಮಿಂಟ್ ಎಲ್ಲ ಮರೆತಿತ್ತು, ಪ್ಯಾಕೇಜುಗಳನ್ನು ಇನ್ನೊಮ್ಮೆ ಹಾಕಿದೆ. ಮ್ಯಾಪ್ ಫೈಲ್ ಹೊರಗಿನ ಡಿಸ್ಕಿನಲ್ಲಿ ಇದ್ದಿದ್ದರಿಂದ ಅದೇ ಕಮಾಂಡ್ ಕೊಟ್ಟ ತಕ್ಷಣ 338ರಿಂದಲೇ ಹೊರಟಿತು. ಆ ಅಂಕಿ ಸ್ಕ್ರೀನಿನಲ್ಲಿ ಕಂಡಾಗ ಆದ ಸಮಾಧಾನ ಹೇಳಲು ಬರುವುದಿಲ್ಲ. ಮುಗಿದ ಮೇಲೆ "-ಐ 328ಜಿ -ಎಸ್ 12ಜಿ" ಕೂಡ ಓಡಿಸಿದೆ. ಮೊದಲ ಸುತ್ತಿನಲ್ಲಿ ಓದಲಾಗದೆ ಉಳಿದದ್ದು 12,288 ಬೈಟು. -ಆರ್3 ಕೊಟ್ಟ ಮೇಲೆ 4,096 ಬೈಟು. ಅದು ಇನ್ನು ಇಳಿಯುತ್ತಿಲ್ಲ. ನಾಲ್ಕು ಕೆಬಿ ಅಷ್ಟೇ ತಾನೆ, ಪರವಾಗಿಲ್ಲವಾ?

ಹಾಸನದ ಮೇಷ್ಟ್ರು:

ತುಂಬ ಚೆನ್ನಾಗಿ ಮಾಡಿದ್ದೀರಿ. ನಿಮ್ಮ ಅಂಕಿಗಳೂ ತಾಳೆಯಾಗುತ್ತವೆ. ಸ್ಮಾರ್ಟ್ ಹೇಳುವ 24 ಸೆಕ್ಟರ್ ಒಂದೊಂದು 512 ಬೈಟು. 24 ಅಂದರೆ 12,288. ಡಿಸ್ಕಿನೊಳಗೆ ನಿಜವಾದ ತುಣುಕು 4,096 ಬೈಟಿನದು. ಅಂದರೆ ಕೆಟ್ಟಿದ್ದು ಮೂರು ತುಣುಕು, ಎರಡು ಸಿಕ್ಕವು, ಒಂದು ಉಳಿಯಿತು. 5 ಸೊನ್ನೆ ಇರುವುದರಿಂದ ಇದು ಡಿಸ್ಕ್ ಸವೆದದ್ದಕ್ಕಿಂತ ಕರೆಂಟಿನ ಹೊಡೆತ ಅನ್ನಿಸುತ್ತದೆ. ಆದರೂ ಹಳೆ ಡಿಸ್ಕನ್ನು ಬಿಚ್ಚಿ, ಮೇಲೆ ತಾರೀಕು ಬರೆದು ಎತ್ತಿಡಿ. ಎಲ್ಲ ಮುಗಿಯುವವರೆಗೆ ಅದೇ ನಿಮ್ಮ ಮೂಲ ಪುಸ್ತಕ.

ನಾಲ್ಕು ಕೆಬಿ ಸಣ್ಣದೋ ದೊಡ್ಡದೋ ಅನ್ನುವುದು ಅದು ಎಲ್ಲಿ ಬಿದ್ದಿದೆ ಎನ್ನುವುದರ ಮೇಲೆ. ಖಾಲಿ ಜಾಗದಲ್ಲಿ ಬಿದ್ದಿದ್ದರೆ ಏನೂ ಇಲ್ಲ. ಹೆಸರಿನ ಪಟ್ಟಿಯ ಮೇಲೆ ಬಿದ್ದಿದ್ದರೆ ಒಂದಿಡೀ ಫೋಲ್ಡರ್.

ಈಗ ಕಾಪಿಯನ್ನು ಏನೂ ಬರೆಯದಂತೆ ತೆರೆಯಿರಿ: "ಮೌಂಟ್ -ಒ ಆರ್‌ಒ,ನೋಲೋಡ್,ಲೂಪ್ ತೋಟ.ಐಎಂಜಿ /ಎಂಎನ್‌ಟಿ". ನೋಲೋಡ್ ಅಂದರೆ ಜರ್ನಲನ್ನೂ ಮುಟ್ಟಬೇಡ ಅಂತ. ಕಾಣುವ ಫೈಲುಗಳನ್ನೆಲ್ಲ ಮೊದಲು ಹೊರಗೆ ತೆಗೆದಿಟ್ಟುಕೊಳ್ಳಿ. ಆಮೇಲೆ ಅನ್‌ಮೌಂಟ್ ಮಾಡಿ "ಇ2ಎಫ್‌ಎಸ್‌ಸಿಕೆ -ಎಫ್ -ಎನ್ ತೋಟ.ಐಎಂಜಿ". ಇಲ್ಲಿ -ಎನ್ ಅಂದರೆ ಎಲ್ಲ ಪ್ರಶ್ನೆಗೂ ಇಲ್ಲ ಅನ್ನು, ಸುಮ್ನೆ ಓದಿ ಹೇಳು ಅಂತ. ಡಿಡಿರೆಸ್ಕ್ಯೂ -ಎನ್ ಬೇರೆ, ಇದು ಬೇರೆ. ಏನು ಹೇಳಿತು ಅಂತ ಹಾಕಿ.

ಆಲ್ದೂರು ರೈಟರ್:

ಮೇಷ್ಟ್ರೇ, ಫೋಲ್ಡರುಗಳೆಲ್ಲ ಕಾಣುತ್ತಿವೆ. ಫೋಟೋಗಳಿವೆ, ಮಗಳ ಮಾರ್ಕ್ಸ್ ಕಾರ್ಡುಗಳಿವೆ, ಅವನ್ನೆಲ್ಲ ತೆಗೆದಿಟ್ಟೆ. ಆದರೆ "ತೋಟ" ಅನ್ನುವ ಫೋಲ್ಡರ್ ತೆರೆದರೆ ಖಾಲಿ. ಫೋಲ್ಡರ್ ಇದೆ, ಒಳಗೆ ಒಂದು ಫೈಲೂ ಇಲ್ಲ. ಚೆಕ್‌ರೋಲ್, ಬಟವಾಡೆ, ಮಳೆ ಎಲ್ಲ ಇದ್ದದ್ದು ಅದರಲ್ಲೇ. ಕೈ ಕಾಲು ಆಡುತ್ತಿಲ್ಲ. -ಎನ್ ಕೊಟ್ಟರೆ "ಅನ್‌ಅಟ್ಯಾಚ್ಡ್" ಅಂತ ಸಾಲು ಸಾಲಾಗಿ ಐವತ್ತಕ್ಕೂ ಜಾಸ್ತಿ ಬಂತು.

ಹಾಸನದ ಮೇಷ್ಟ್ರು:

ರೈಟರೇ, ಆ "ಅನ್‌ಅಟ್ಯಾಚ್ಡ್" ಸಾಲುಗಳೇ ನಿಮ್ಮ ಫೈಲುಗಳು. ಸಮಾಧಾನ ಮಾಡಿಕೊಳ್ಳಿ, ಒಂದು ಲೋಟ ಕಾಫಿ ಕುಡಿದು ಬಂದು ಓದಿ.

ಫೈಲಿನ ಹೆಸರು ಫೈಲಿನ ಜೊತೆ ಇರುವುದಿಲ್ಲ, ಅದು ಫೋಲ್ಡರಿನಲ್ಲಿರುತ್ತದೆ. ಫೋಲ್ಡರ್ ಅಂದರೆ ಒಂದು ಹಾಜರಿ ಪಟ್ಟಿ: ಈ ಹೆಸರಿಗೆ ಈ ನಂಬರು. ಆ ನಂಬರಿಗೆ ಐನೋಡ್ ಅನ್ನುತ್ತಾರೆ. ಫೈಲ್ ಎಷ್ಟು ದೊಡ್ಡದು, ಯಾವಾಗ ಬರೆದದ್ದು, ಯಾರದ್ದು, ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಲ್ಲವೂ ಐನೋಡಿನಲ್ಲಿರುತ್ತದೆ. ಸಣ್ಣ ಫೋಲ್ಡರಿನ ಪಟ್ಟಿ ಒಂದೇ ತುಣುಕಿನಲ್ಲಿ, ಸರಿಯಾಗಿ 4,096 ಬೈಟಿನಲ್ಲಿ ಹಿಡಿಸುತ್ತದೆ. ನಿಮ್ಮ ಆ ಒಂದು ತುಣುಕು "ತೋಟ" ಫೋಲ್ಡರಿನ ಪಟ್ಟಿ. ಹಾಜರಿ ಪಟ್ಟಿ ಹರಿದರೆ ಆಳುಗಳು ತೋಟದಿಂದ ಮಾಯವಾಗುವುದಿಲ್ಲ.

ಚೆಕ್‌ರೋಲ್ ತೆರೆದಿದ್ದಿರಿ ಅಂದಿರಲ್ಲ. ಫೈಲ್ ತೆರೆದಾಗ ಲಿಬ್ರೆಆಫೀಸ್ ಅದೇ ಫೋಲ್ಡರಿನಲ್ಲಿ ಒಂದು ಸಣ್ಣ ಲಾಕ್ ಫೈಲ್ ಇಡುತ್ತದೆ. ಅಂದರೆ ಆ ಪಟ್ಟಿಗೆ ಸಾಲು ಸೇರಿಸಿ ತೆಗೆದು ಮಾಡುತ್ತಿರುತ್ತದೆ. ಕರೆಂಟ್ ಬಂದು ಹೋಗಿ ಮಾಡುವಾಗ ಬರೆಯುತ್ತಿದ್ದದ್ದು ಅಲ್ಲೇ ಇರಬಹುದು.

ಈಗ ಎಫ್‌ಎಸ್‌ಸಿಕೆ -ವೈ ಕೊಡುವ ಹೊತ್ತು ಬಂತು. ಡಿಸ್ಕಿನ ಮೇಲಲ್ಲ, ಕಾಪಿಯ ಮೇಲೆ. ಅದೂ ಹಿಂದಕ್ಕೆ ಬರುವ ದಾರಿ ಇಟ್ಟುಕೊಂಡು: "ಇ2ಎಫ್‌ಎಸ್‌ಸಿಕೆ -ಎಫ್ -ವೈ -ಝಡ್ ತೋಟ.ಅನ್‌ಡು ತೋಟ.ಐಎಂಜಿ". -ಝಡ್ ಕೊಟ್ಟರೆ ಬದಲಾಯಿಸುವ ಮುಂಚೆ ಹಳೆಯದನ್ನು ತೋಟ.ಅನ್‌ಡು ಫೈಲಿನಲ್ಲಿ ಬರೆದಿಡುತ್ತದೆ. ಎಡವಟ್ಟಾದರೆ ಇ2ಅನ್‌ಡು ಕಮಾಂಡಿನಿಂದ ವಾಪಸ್ ತರಬಹುದು. ಮುಗಿದ ಮೇಲೆ ಮತ್ತೆ ಆರ್‌ಒ ಹಾಕಿ ಮೌಂಟ್ ಮಾಡಿ, ಲಾಸ್ಟ್+ಫೌಂಡ್ ಫೋಲ್ಡರ್ ನೋಡಿ. ಅದನ್ನು ನೋಡಲು ಸುಡೋ ಬೇಕು. ಹೆಸರಿರುವುದಿಲ್ಲ, # ಹಾಕಿ ಐನೋಡ್ ನಂಬರ್ ಇರುತ್ತದೆ. "ಫೈಲ್" ಅಂತಲೇ ಒಂದು ಕಮಾಂಡ್ ಇದೆ, ಅದು ಒಳಗೆ ಇಣುಕಿ ನೋಡಿ ಯಾವ ಬಗೆಯ ಫೈಲ್ ಅಂತ ಹೇಳುತ್ತದೆ. "ಎಲ್‌ಎಸ್ -ಎಲ್‌ಟಿ" ಕೊಟ್ಟರೆ ತಾರೀಕಿನ ಪ್ರಕಾರ ಜೋಡಿಸುತ್ತದೆ. ಹೆಸರು ಹೋಗಿದ್ದರೂ ತಾರೀಕು, ಗಂಟೆ ಉಳಿದಿರುತ್ತದೆ.

ಆಲ್ದೂರು ರೈಟರ್:

ಸಿಕ್ಕಿತು.

ಲಾಸ್ಟ್+ಫೌಂಡಿನಲ್ಲಿ 52 ಫೈಲು, 3 ಫೋಲ್ಡರು. ಫೋಲ್ಡರುಗಳ ಹೆಸರು ಮಾತ್ರ ನಂಬರಾಗಿದೆ, ಒಳಗಿನ ಹೆಸರುಗಳೆಲ್ಲ ಇದ್ದ ಹಾಗೇ ಇವೆ. ಬಟವಾಡೆ ಪೂರ್ತಿ ಒಂದು ಫೋಲ್ಡರಿನಲ್ಲಿತ್ತು, ಹಾಗಾಗಿ ಅದಕ್ಕೆ ಏನೂ ತೊಂದರೆ ಇಲ್ಲ. ಉಳಿದ 52 ರಲ್ಲಿ 37 ಸ್ಪ್ರೆಡ್‌ಶೀಟ್ ಅಂತ "ಫೈಲ್" ಕಮಾಂಡ್ ಹೇಳಿತು.

ಎಲ್ಲವನ್ನೂ ತೆರೆಯುವ ಮುಂಚೆ ಗಂಟೆ ನೋಡಿದೆ. ಮಳೆ ಅಳೆದು ಬಂದು ನಾನು ಬರೆಯುವುದು ಎಂಟೂಮುಕ್ಕಾಲಿನ ಹೊತ್ತಿಗೆ. ಕರೆಂಟ್ ಹೋದ ದಿನದ ತಾರೀಕು, 8:47 ಅಂತ ಒಂದು ಫೈಲಿನ ಮುಂದೆ ಇತ್ತು. ಅದನ್ನು ಕಾಪಿ ಮಾಡಿಕೊಂಡು ತೆರೆದೆ. ಮೊದಲ ಹಾಳೆ 1978. ಕೆಳಗೆ ಹೋಗುತ್ತಾ ಹೋಗುತ್ತಾ 11 ಏಪ್ರಿಲ್ 1981, 1 ಇಂಚು 12 ಸೆಂಟು, ಹೂಮಳೆ. ಟೈಪ್ ಮಾಡುವಾಗ ಆ ಸಾಲು ನೆನಪಿನಲ್ಲಿ ನಿಂತಿತ್ತು. ಪುಸ್ತಕದಲ್ಲಿ ಹೂಮಳೆ ಅನ್ನುವುದರ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು. ಕಟ್ಟಕಡೆಯ ಸಾಲು ಅವತ್ತು ಬೆಳಗಿನದು: 4 ಇಂಚು 35 ಸೆಂಟು. ಒಂದು ದಿನವೂ ಹೋಗಿಲ್ಲ. ಹಾಳೆ ಹಾಳೆ ತಿರುಗಿಸಿ ನೋಡಿದೆ.

ಆ ಸಂಜೆ ತುಂಬಿಸುತ್ತಿದ್ದ ಚೆಕ್‌ರೋಲ್ ಮಾತ್ರ ಮೂರು ದಿನ ಹಿಂದಿನದು ಸಿಕ್ಕಿದೆ. ಮೇಸ್ತ್ರಿ ಚೀಟಿಗಳನ್ನು ಇಟ್ಟುಕೊಂಡಿದ್ದರು, ಅದನ್ನು ನೋಡಿ ಬರೆದು ಮುಗಿಸಿದೆ. ಯಾರ ಕೂಲಿಯೂ ತಪ್ಪಿಲ್ಲ.

ಸಾಹುಕಾರ್ರಿಗೆ ಆ 1981ರ ಹಾಳೆ ತೋರಿಸಿದೆ. ಅವರಾಗಿಯೇ ಹೊಸ ಎಸ್‌ಎಸ್‌ಡಿ ಮತ್ತು ಬ್ಯಾಟರಿಗೆ ಒಪ್ಪಿದರು. ಮಳೆ ಲೆಕ್ಕ ಈಗ ಎರಡು ಪೆನ್‌ಡ್ರೈವಿನಲ್ಲಿದೆ. ಒಂದು ನನ್ನ ಹತ್ತಿರ, ಒಂದು ಪೇಟೆಯಲ್ಲಿ ಅವರ ಮನೆಯಲ್ಲಿ. 1978ರಿಂದ 1995ರವರೆಗಿನದನ್ನು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಲು ಕೊಟ್ಟಿದ್ದೇನೆ. ಹಳೆಯ ರೈಟರ್ ಈಗ ಮಗನ ಜೊತೆ ಬಾಳೆಹೊನ್ನೂರಿನಲ್ಲಿದ್ದಾರೆ. ಒಂದು ಪ್ರತಿ ಅವರಿಗೆ.

ಕಡೂರು ಹುಡುಗ:

ರೈಟರ್ ಅಣ್ಣ, ತುಂಬ ಖುಷಿ ಆಯ್ತು. ನಾನು ಹೇಳಿದ್ದನ್ನು ನೀವು ಕೇಳದೇ ಇದ್ದದ್ದು ಒಳ್ಳೆಯದಾಯಿತು. ಮೇಷ್ಟ್ರೇ, ಒಂದು ಪ್ರಶ್ನೆ. ಹಾಗಾದರೆ -ವೈ ಯಾವಾಗಲೂ ಕೊಡಬಾರದಾ? ನಮ್ಮಲ್ಲಿ ಹನ್ನೆರಡು ಸಿಸ್ಟಮ್ ಇವೆ, ಪ್ರತಿ ಸಲ ಕಾಪಿ ಮಾಡುತ್ತಾ ಕೂರಲು ಆಗುವುದಿಲ್ಲ.

ಹಾಸನದ ಮೇಷ್ಟ್ರು:

ಕೊಡಬಹುದು ತಮ್ಮಾ. ಸ್ಕ್ರೀನಿನಲ್ಲಿ "ಎರರ್ ರೀಡಿಂಗ್" ಇಲ್ಲ, ಸ್ಮಾರ್ಟಿನಲ್ಲಿ 197 ಸೊನ್ನೆ ಇದೆ, ಒಳಗಿರುವುದರ ಇನ್ನೊಂದು ಪ್ರತಿ ಬೇರೆ ಕಡೆ ಇದೆ ಅಂದರೆ ಧೈರ್ಯವಾಗಿ ಕೊಡು. ಸೈಬರ್ ಸೆಂಟರಿನ ಸಿಸ್ಟಮ್ಮಿನಲ್ಲಿ ಹೋಗುವಂಥದ್ದು ಏನೂ ಇರುವುದಿಲ್ಲ. ಒಂದು ಮಾತ್ರ ನೆನಪಿಡು, ಮೌಂಟ್ ಆಗಿರುವ ಡಿಸ್ಕಿನ ಮೇಲೆ ಕೊಡಬೇಡ. ಇನಿಟ್‌ರ್ಯಾಮ್‌ಎಫ್‌ಎಸ್ ಕಡೆ ನಿಂತಾಗ ರೂಟ್ ಇನ್ನೂ ಮೌಂಟ್ ಆಗಿರುವುದಿಲ್ಲ, ಅಲ್ಲಿ ತೊಂದರೆ ಇಲ್ಲ. ಇನ್ನು ಇದೆಲ್ಲ ಇಎಕ್ಸ್‌ಟಿ4ನ ಮಾತು. ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಇದ್ದರೆ ಅವುಗಳ ರಿಪೇರಿ ಕಮಾಂಡೇ ಬೇರೆ. ಬಿಟಿಆರ್‌ಎಫ್‌ಎಸ್‌ನಲ್ಲಂತೂ ರಿಪೇರಿ ಅನ್ನುವುದು ಕಟ್ಟಕಡೆಗೆ ಮುಟ್ಟುವಂಥದ್ದು. ಆಗ ಇಲ್ಲಿ ಬಂದು ಕೇಳು.

ರೈಟರೇ, ತೋಟ.ಐಎಂಜಿಯನ್ನು ಈಗಲೇ ಅಳಿಸಬೇಡಿ. ಬೈಂಡ್ ಆಗಿ ಪುಸ್ತಕ ಕೈಗೆ ಬರಲಿ.

ಆಲ್ದೂರು ರೈಟರ್:

ಅಳಿಸುವುದಿಲ್ಲ ಮೇಷ್ಟ್ರೇ. 52 ರಲ್ಲಿ ಇನ್ನೂ ಒಂಬತ್ತು ಫೈಲು ಯಾವುದು ಅಂತ ಗೊತ್ತಾಗಿಲ್ಲ. ಒಂದರಲ್ಲಿ ಬರೀ ಆಳುಗಳ ಹೆಸರಿದೆ, ಯಾವ ವರ್ಷದ್ದೋ ತಿಳಿಯದು. ಭಾನುವಾರ ಮೇಸ್ತ್ರಿಯನ್ನು ಕೂರಿಸಿಕೊಂಡು ಒಂದೊಂದೇ ಓದಿ ಕೇಳುತ್ತೇನೆ.